ಕಡಲಂಚಿನ ಗುಡ್ಡ: ಯಾರಿಗೆ ಎಷ್ಟು ದಾರಿ?



ನಿಡೋಣಿಯಂಥ ಬಯಲುಸೀಮೆಯ ಊರಿನವರಿಗೆ ಸಮುದ್ರವೆಂದರೆ ಬಲು ದೊಡ್ಡ ಆಸೆ. ಸುಗ್ಗಿ ಮುಗಿದ ಮೇಲೆ, ಮಕ್ಕಳಿಗೆ ರಜೆ ಬಿದ್ದಾಗ, ಓಣಿಯ ನಾಲ್ಕಾರು ಮನೆಯವರು ಕೂಡಿ ಗಾಡಿ ಗೊತ್ತು ಮಾಡಿಕೊಂಡು ಗೋಕರ್ಣಕ್ಕೆ ಹೊರಡುತ್ತೇವೆ. ವಿಜಯಪುರದಿಂದ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲೆಗೆ ಇಳಿಯುವ 52ನೇ ರಾಷ್ಟ್ರೀಯ ಹೆದ್ದಾರಿ ನಮ್ಮನ್ನು ಕಡಲಿಗೇ ಮುಟ್ಟಿಸುತ್ತದೆ. ಗೋಕರ್ಣದವರೆಗೆ ಸುಮಾರು 350 ಕಿಲೋಮೀಟರು. ಮಹಾಬಲೇಶ್ವರನ ದರ್ಶನವಾಯಿತು, ಊಟವೂ ಆಯಿತು ಎನ್ನಿ. ಆಗ ಯಾರಾದರೊಬ್ಬರು, "ಗುಡ್ಡದ ಮೇಲಿಂದ ನಡಕೋತ ಓಂ ಬೀಚಿಗೆ ಹೋಗೂಣು" ಎನ್ನುತ್ತಾರೆ. ಎಲ್ಲರೂ ಹೂಂ ಎನ್ನುತ್ತಾರೆ. ಎಲ್ಲರ ಕಾಲೂ ಹೂಂ ಎನ್ನುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ಕೇಳಲಿಲ್ಲ. ನಾವು 19 ಜನ ಇದ್ದೆವು. ಎಲ್ಲರಿಗಿಂತ ಸಣ್ಣ ಹುಡುಗನಿಗೆ ಆರು ವರ್ಷ, ನಮ್ಮ ಸೋದರತ್ತೆಗೆ ಎಪ್ಪತ್ತೊಂದು. ಓಂ ಬೀಚು ದಾಟಿ ಹಾಫ್ ಮೂನ್ ಕಡೆಗೆ ಹೊರಟಾಗ ಅತ್ತೆಯ ಮೊಣಕಾಲು ಹಿಡಿದುಕೊಂಡವು. "ನೀವು ಹೋಗ್ರಿ, ನಾ ಇಲ್ಲೇ ಕುಂದರತೀನಿ" ಎಂದಳು. ನಾವು ಹೋದೆವು. ಮರಳಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕಲ್ಲಿನ ಮೇಲೆ ಅತ್ತೆ ಇರಲಿಲ್ಲ. ಒಬ್ಬಳೇ ಹಿಂದಿರುಗಲು ಹೋಗಿ, ದನದ ಜಾಡು ಹಿಡಿದು ಗುಡ್ಡದ ಮೇಲಕ್ಕೆ ಹತ್ತಿಬಿಟ್ಟಿದ್ದಳು. ಸಿಕ್ಕದ್ದು ಒಂದು ತಾಸಿನ ಮೇಲೆ. ಅವಳಿಗೆ ಏನೂ ಆಗಿರಲಿಲ್ಲ. ಆದರೆ ಕೆಳಗೆ ಬಂಡೆಗೆ ಅಪ್ಪಳಿಸುವ ತೆರೆಯ ಸಪ್ಪಳ ಕೇಳುತ್ತ ಅವಳ ಹೆಸರು ಕೂಗಿದ ಆ ಒಂದು ತಾಸು ನನಗೆ ಇಂದಿಗೂ ಮರೆತಿಲ್ಲ. ದಾರಿ ಆಯ್ದವನು ನಾನು. ಆದ್ದರಿಂದಲೇ ಈ ಮಾತುಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದಾಗಿ, ಗುಂಪಿನ ಶಕ್ತಿ ಎಂದರೆ ಅದರಲ್ಲಿ ಎಲ್ಲರಿಗಿಂತ ಸಾವಕಾಶ ನಡೆಯುವವರ ಶಕ್ತಿ. ಇದನ್ನು ಅಳೆಯಲು ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಸಾಧನವಿದೆ. ಹೊರಡುವ ಮುಂಚೆ ಒಂದು ದಿನ ಎಲ್ಲರೂ ಗೋಳಗುಮ್ಮಟಕ್ಕೆ ಹೋಗಿ ಬನ್ನಿ. ಏಳು ಅಂತಸ್ತಿನ ಗೋಪುರದೊಳಗಿನ ಮೆಟ್ಟಿಲು ಹತ್ತಿ, ಪಿಸುಮಾತಿನ ಗ್ಯಾಲರಿ ನೋಡಿ ಇಳಿಯಿರಿ. ಮೂರನೆಯ ಅಂತಸ್ತಿನಲ್ಲೇ ಏದುಸಿರು ಬಿಟ್ಟವರು ಯಾರು, ಇಳಿಯುವಾಗ ಗೋಡೆ ಹಿಡಿದವರು ಯಾರು, ಗಮನಿಸಿ. ಹತ್ತುವುದು ಎದೆಯ ಪರೀಕ್ಷೆ, ಇಳಿಯುವುದು ಮೊಣಕಾಲಿನ ಪರೀಕ್ಷೆ. ಕಡಲಂಚಿನ ಗುಡ್ಡದಲ್ಲಿ ಇವೆರಡೂ ಮತ್ತೆ ಮತ್ತೆ ಬರುತ್ತವೆ.

ಇನ್ನು ದಾರಿಯ ವಿಚಾರ. ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ನಾಲ್ಕು ತೀರಗಳು ಒಂದರ ನಂತರ ಒಂದು ಇವೆ. ನಡುನಡುವೆ ಗುಡ್ಡದ ಮೂಗುಗಳು ಸಮುದ್ರಕ್ಕೆ ಚಾಚಿಕೊಂಡಿವೆ. ಗೋಕರ್ಣದ ತೀರದ ತುದಿಯಿಂದ ರಾಮತೀರ್ಥದ ಪಕ್ಕ ಹತ್ತಿ ಕುಡ್ಲೆಗೆ ಇಳಿಯಲು ಅರ್ಧ ತಾಸು ಸಾಕು. ಕುಡ್ಲೆಯಿಂದ ಓಂ ತೀರಕ್ಕೂ ಹೆಚ್ಚುಕಡಿಮೆ ಅಷ್ಟೇ. ಈ ಎರಡು ಭಾಗಗಳು ಮಕ್ಕಳಿಗೂ, ನಡೆದು ರೂಢಿಯಿದ್ದ ಹಿರಿಯರಿಗೂ ಒಗ್ಗುತ್ತವೆ. ಓಂ ತೀರದ ಮೇಲಿನವರೆಗೆ ವಾಹನ ಬರುವುದರಿಂದ, ಸಾಕೆನಿಸಿದವರು ಅಲ್ಲಿಂದ ಆಟೋದಲ್ಲಿ ಊರಿಗೆ ಮರಳಬಹುದು.

ಓಂ ದಾಟಿದ ಮೇಲೆ ಮಾತೇ ಬೇರೆ. ಹಾಫ್ ಮೂನ್‌ಗೆ ವಾಹನದ ರಸ್ತೆಯಿಲ್ಲ. ಕಾಲುದಾರಿ ಕಿರಿದು, ಬಲಗಡೆ ನೇರ ಕಡಲು. ಅಲ್ಲಿಂದ ಪ್ಯಾರಡೈಸ್‌ಗೆ ಹೋಗುವವರು ಬಂಡೆಗಳನ್ನು ಕೈಯೂರಿ ದಾಟಬೇಕಾಗುತ್ತದೆ. ಇದು ಗಟ್ಟಿ ಕಾಲಿನವರ ದಾರಿ. ಚಿಕ್ಕ ಮಕ್ಕಳನ್ನು ಎತ್ತಿಕೊಂಡವರು, ಸೀರೆಯ ನೆರಿಗೆ ಹಿಡಿದು ನಡೆಯುವವರು, ನುಣುಪು ಅಟ್ಟೆಯ ಚಪ್ಪಲಿಯವರು ಓಂ ತೀರದಲ್ಲೇ ನಿಲ್ಲುವುದು ಲೇಸು.

ನಡೆಯಲಾರದ ಹಿರಿಯರಿಗೆ ಕಡಲಿನ ನೋಟ ತಪ್ಪಬೇಕಾಗಿಲ್ಲ. ಹೊನ್ನಾವರದ ಹತ್ತಿರದ ಅಪ್ಸರಕೊಂಡಕ್ಕೆ ಹೋಗಿ. ಬೈಂದೂರಿನ ಒತ್ತಿನೆಣೆಯ ಗುಡ್ಡವೂ ಇದೆ. ಎರಡೂ ಕಡೆ ವಾಹನ ಮೇಲಿನವರೆಗೆ ಹೋಗುತ್ತದೆ. ನಾಲ್ಕು ಹೆಜ್ಜೆಯಲ್ಲಿ ಸಮುದ್ರ ಕಣ್ಣಿಗೆ ಬೀಳುತ್ತದೆ.

ನೆಲದ ಗುಣವನ್ನೂ ತಿಳಿದಿರಬೇಕು. ನಮ್ಮದು ಕರಿಕಲ್ಲಿನ ನಾಡು, ಹೆಜ್ಜೆಯಿಟ್ಟರೆ ಅಲುಗದು. ಕರಾವಳಿಯದು ಜಂಬಿಟ್ಟಿಗೆ ಕಲ್ಲು. ಅದರಿಂದ ಉದುರಿದ ಗುಂಡು ಹರಳುಗಳ ಮೇಲೆ ಇಳಿಯುವುದು ಕಣದಲ್ಲಿ ಚೆಲ್ಲಿದ ಕಡಲೆಯ ಮೇಲೆ ನಡೆದಂತೆ. ಅಂಚಿನ ಕಲ್ಲನ್ನು ತೆರೆಗಳು ಕೆಳಗಿನಿಂದ ಕೊರೆದಿರುತ್ತವೆ. ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಫೋಟೋಕ್ಕಾಗಿ ಅಂಚಿಗೆ ಹೋಗುವವರನ್ನು ಮುಲಾಜಿಲ್ಲದೆ ಹಿಂದಕ್ಕೆ ಕರೆಯಿರಿ.

ಮಳೆಗಾಲದಲ್ಲಿ ಈ ದಾರಿಗಳು ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಡಲನ್ನೇ ನಂಬಿದವರು ದೋಣಿ ದಡಕ್ಕೆಳೆದ ದಿನಗಳಲ್ಲಿ ನಾವು ಪಾಚಿಗಟ್ಟಿದ ಬಂಡೆ ಹತ್ತುವುದು ಜಾಣತನವಲ್ಲ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಭರತ ಇಳಿತಗಳನ್ನೂ ಸ್ಥಳೀಯರಲ್ಲಿ ಕೇಳಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ. ಬೆಳಿಗ್ಗೆ ದಾಟಿದ ಬಂಡೆ ಮಧ್ಯಾಹ್ನ ಮುಳುಗಿರಬಹುದು.

ಗುಡ್ಡ ಇಳಿದೊಡನೆ ಬೆವರಿದ ಮೈಗೆ ನೀರು ಕಂಡು ಮಕ್ಕಳು ಓಡುತ್ತಾರೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಕೆರೆಬಾವಿಯಲ್ಲಿ ಈಜು ಕಲಿತ ಧೈರ್ಯ ಕಡಲಿನಲ್ಲಿ ನಡೆಯದು. ಜೀವರಕ್ಷಕರು ಬೇಡವೆಂದಲ್ಲಿ ಕಾಲಿಡಬೇಡಿ.

ಕೊನೆಯದಾಗಿ ನಡೆಯುವ ಕ್ರಮ. ಸಾವಕಾಶ ನಡೆಯುವವರು ಮುಂದಿರಲಿ, ಗಟ್ಟಿಗರೊಬ್ಬರು ಹಿಂದಿರಲಿ. ಪ್ರತಿ ತೀರದಲ್ಲೂ ತಲೆ ಎಣಿಸಿ. ತಲೆಗೆ ಎರಡು ಲೀಟರು ನೀರು ಬೇಕು. ಗುಡ್ಡದ ಮೇಲೆ ನೆರಳು ಕಡಿಮೆ. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಹೊತ್ತು ಮುಳುಗುತ್ತದೆ, ಕತ್ತಲೆ ಬೇಗ ಕವಿಯುತ್ತದೆ. ಆದ್ದರಿಂದ ಎಲ್ಲಿಯೇ ಇರಲಿ, ನಾಲ್ಕು ಗಂಟೆಗೆ ಹಿಂದಿರುಗುವುದೆಂದು ಹೊರಡುವಾಗಲೇ ನಿಶ್ಚಯಿಸಿ. ಗುಂಪು ಒಡೆಯಲೇಬೇಕಾದರೆ ಓಂ ತೀರದಲ್ಲಿ, ರಸ್ತೆಯಿದ್ದಲ್ಲಿ ಒಡೆಯಲಿ. ಉಳಿದವರ ಜೊತೆ ದಾರಿ ಬಲ್ಲ ದೊಡ್ಡವರೊಬ್ಬರು ಇರಲಿ. "ನೀವು ಹೋಗ್ರಿ" ಎಂದವರ ಮಾತನ್ನು ಮಾತ್ರ ಕೇಳಬೇಡಿ; ನಮ್ಮ ಹಿರಿಯರು ನಮ್ಮ ಸಂತೋಷ ಕೆಡಬಾರದೆಂದು ಹಾಗೆನ್ನುತ್ತಾರೆ.

ಮರುವರ್ಷ ಅತ್ತೆಯನ್ನು ಅಪ್ಸರಕೊಂಡಕ್ಕೆ ಕರೆದುಕೊಂಡು ಹೋದೆವು. ಬಹಳ ಹೊತ್ತು ಸಮುದ್ರ ನೋಡಿದಳು. "ಇಲ್ಲಿಂದನೂ ಅದ ನೀರು ಕಾಣತೈತೆಲ್ಲೋ" ಎಂದಳು. ಹತ್ತೊಂಬತ್ತು ಜನವೂ ಅವಳ ಸುತ್ತ ಕೂತು ಬುತ್ತಿ ಬಿಚ್ಚಿದೆವು.

ನಿಮ್ಮ ಪ್ರವಾಸವೂ ಸುಖಕರವಾಗಲಿ. ಹೋದಷ್ಟೇ ಜನ ಮರಳಿ ಬನ್ನಿ.