ಶಾಲೆಗಳಲ್ಲಿ ವಿಜ್ಞಾನ ಶಿಕ್ಷಣ



ವಿಜ್ಞಾನವನ್ನು ಸಕಲ ಬಾಲಕಬಾಲಿಕೆಯರಿಗೂ ಕಡ್ಡಾಯವಾಗಿ ಕಲಿಸಬೇಕೋ, ಅಭಿರುಚಿಯುಳ್ಳವರಿಗೆ ಮಾತ್ರ ಬಿಡಬೇಕೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯು. ಡಾ. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿ ಒಪ್ಪಿಸಿದ ವರದಿಯಲ್ಲಿ, ಶಾಲೆಯ ಮೊದಲ ಹತ್ತು ವರ್ಷಗಳಲ್ಲಿ ವಿಜ್ಞಾನವೂ ಗಣಿತವೂ ಸರ್ವರಿಗೂ ಕಡ್ಡಾಯವಾಗಿರತಕ್ಕದ್ದೆಂದು ಸಲಹೆಯಿತ್ತಿತು.

ಕಡ್ಡಾಯವು ಮಕ್ಕಳ ಸ್ವಾತಂತ್ರ್ಯಕ್ಕೆ ಕುಂದೆಂದು ಕೆಲವರ ಆಕ್ಷೇಪವುಂಟು. ಆದರೆ ಎಂದೂ ಕಾಣದ ವಿದ್ಯೆಯನ್ನು ಮಗುವು ಒಲ್ಲೆನೆಂದರೆ ಅದನ್ನು ಆಯ್ಕೆಯೆನ್ನುವುದೆಂತು? ವಿಜ್ಞಾನವು ಐಚ್ಛಿಕವಾದೆಡೆಯಲ್ಲಿ ಮೊದಲು ವಂಚಿತರಾದವರು ಹೆಣ್ಣುಮಕ್ಕಳು. ಅವರಿಗೆ ಗೃಹವಿಜ್ಞಾನವೇ ಸಾಕೆಂಬ ಭಾವನೆಯು ಬಲವಾಗಿದ್ದಿತು. ಹಂಸಾ ಮೆಹತಾ ಸಮಿತಿಯು ಗಂಡುಹೆಣ್ಣೆಂಬ ಭೇದದಿಂದ ಪಾಠಕ್ರಮವನ್ನು ಬೇರ್ಪಡಿಸಲಾಗದೆಂದಿತು. ಕೊಠಾರಿ ಆಯೋಗವು ಅದನ್ನೇ ಎತ್ತಿಹಿಡಿಯಿತು.

ಈ ಕಡ್ಡಾಯವು ಮಗುವಿಗೆಂತೋ ಶಾಲೆಗೂ ಅಂತೆಯೇ ಸಲ್ಲತಕ್ಕದ್ದು. ನೀರು ಆವಿಯಾಗುವುದೆಂಬುದನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಶಾಲೆಯ ಹೊಣೆಯು ತೀರದು. ಎರಡು ಹಲಗೆಗಳನ್ನು ಸಮನಾಗಿ ತೋಯಿಸಿ, ಒಂದನ್ನು ಬಿಸಿಲಿನಲ್ಲಿಯೂ ಮತ್ತೊಂದನ್ನು ನೆರಳಿನಲ್ಲಿಯೂ ಇರಿಸಿ, ಯಾವುದು ಮೊದಲು ಒಣಗುವುದೆಂದು ಮಕ್ಕಳೇ ಕಂಡು, ಏಕೆಂದು ಕೇಳಲಿ. ಇದಕ್ಕೆ ಹೆಚ್ಚಿನ ಹಣವು ಬೇಡ. ಪ್ರಶ್ನೆಗೆ ಸಿಡಿಮಿಡಿಗೊಳ್ಳದ ಗುರುವು ಬೇಕು.

ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು 1976ರ 42ನೆಯ ತಿದ್ದುಪಡಿಯಿಂದ ಭಾರತದ ಸಂವಿಧಾನದಲ್ಲಿ ಸೇರಿತು. ಕರ್ತವ್ಯವನ್ನು ಎಲ್ಲರ ಮೇಲೆ ಹೊರಿಸಿದ ಮೇಲೆ, ಅದನ್ನು ನೆರವೇರಿಸುವ ವಿದ್ಯೆಯನ್ನು ಕೆಲವರಿಗೆ ಮಾತ್ರ ಕೊಡುವುದು ನ್ಯಾಯವೆನಿಸದು.