ಮರುಜೀವದ ಹಲವು ಮಾತುಗಳು

(ಬೆಳಗಾವಿಯಲ್ಲಿ ಮಾಡಿದ ಭಾಷಣ)



ಇಂದಿನ ಮಾತಿಗೆ ನಾವು ಆರಿಸಿಕೊಂಡದ್ದು ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದ, ಅದು ‘ರಿವೈವ್’. ಲ್ಯಾಟಿನ್ನಿನಲ್ಲಿ ‘ರೆ’ ಎಂದರೆ ಮತ್ತೆ, ‘ವೀವೆರೆ’ ಎಂದರೆ ಬದುಕುವದು. ಆ ‘ವೀವೆರೆ’ಯೂ ಸಂಸ್ಕೃತದ ‘ಜೀವ’ವೂ ಒಂದೇ ಮೂಲದಿಂದ ಹುಟ್ಟಿದ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಆದುದರಿಂದ ‘ಪುನರುಜ್ಜೀವನ’ವೆಂಬ ನಮ್ಮ ಪಂಡಿತರ ಮಾತು ಅಕ್ಷರಶಃ ಸರಿಯೇ. ಆದರೆ ಅಕ್ಷರಕ್ಕೆ ಸರಿಯಾದದ್ದು ಎಲ್ಲ ಕಡೆಗೂ ಅರ್ಥಕ್ಕೆ ಸರಿಯಾಗುವದಿಲ್ಲವೆಂಬುದೇ ನಮ್ಮ ತಕರಾರು.

ಇಲ್ಲಿಂದ ಖಾನಾಪುರಕ್ಕೆ ಹೋಗಿ, ಮುಂದೆ ಮಲಪ್ರಭೆ ಹುಟ್ಟುವ ಕಣಕುಂಬಿಯ ದಾರಿ ಹಿಡಿಯಿರಿ. ಈ ಒಂದು ಪದವು ಒಕ್ಕಲಿಗರ ಬಾಯಲ್ಲಿ ಎಷ್ಟು ಹೋಳಾಗುವದೆಂಬುದನ್ನು ಕೇಳಿರಿ. ಬಾಡಿದ ಸಸಿ ಮಳೆ ಬಿದ್ದೊಡನೆ ಚೇತರಿಸಿಕೊಳ್ಳುತ್ತದೆ. ಒಣಗಿದ ಕೊಂಬೆ ಚಿಗುರುತ್ತದೆ. ಬತ್ತಿದ ಬಾವಿಯಲ್ಲಿ ಸೆಲೆ ಒಡೆಯುತ್ತದೆ. ಬೂದಿ ಮುಚ್ಚಿದ ಕೆಂಡವನ್ನು ಊದಿ ಹೊತ್ತಿಸುತ್ತಾರೆ. ಮೂರ್ಛೆ ಹೋದವನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸುತ್ತಾರೆ. ನಿಂತುಹೋದ ಜಾತ್ರೆ ಮತ್ತೆ ಕೂಡುತ್ತದೆ. ಹಳೆಯ ಜಗಳವನ್ನು ಮಾತ್ರ ಕೆದಕುತ್ತಾರೆ! ಇಂಗ್ಲಿಷರು ಜಗಳಕ್ಕೂ ಅದೇ ಪದದಿಂದ ಜೀವ ಕೊಡುತ್ತಾರೆ. ನಮ್ಮ ಹಳ್ಳಿಯವರು ಜೀವವೆಂಬ ಮಾತನ್ನು ಅಷ್ಟು ಅಗ್ಗಕ್ಕೆ ಮಾರುವದಿಲ್ಲ.

ಖಾನಾಪುರ ತಾಲೂಕಿನ ಹಲಸಿಯೇ ಕದಂಬರ ಪಲಾಶಿಕೆ. ಐದನೆಯ ಶತಮಾನದಲ್ಲಿ ಮೃಗೇಶವರ್ಮನು ಅಲ್ಲಿ ಜಿನಾಲಯವನ್ನು ಕಟ್ಟಿಸಿದ್ದು ತಾಮ್ರಪಟದಿಂದ ತಿಳಿಯುವದು. ಇಂಥ ಗುಡಿಬಸದಿಗಳು ಶಿಥಿಲವಾದರೆ ಮಾಡತಕ್ಕ ಕೆಲಸಕ್ಕೆ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದು, ಬಿರಿದದ್ದು, ಹಳತಾದದ್ದು ಎಂದು ಬಿಡಿಸಿ ಹೇಳಿದ ಆ ಶಾಸನಕಾರರು ನಮಗಿಂತ ಒಳ್ಳೆಯ ವಕೀಲರೆನ್ನದೆ ವಿಧಿಯಿಲ್ಲ.

ನಮ್ಮ ಕಸಬಿನ ಮಾತಿಗೆ ಬರೋಣ. ತಾನಾಗಿ ಬದುಕುವದಕ್ಕೂ ಪರರು ಬದುಕಿಸುವದಕ್ಕೂ ‘ರಿವೈವ್’ ಎಂಬುದೊಂದೇ ರೂಪ. ಕನ್ನಡದಲ್ಲಿ ಚಿಗುರುವದು ಬೇರೆ, ಚಿಗುರಿಸುವದು ಬೇರೆ. ಈ ಭೇದವು ಕಾಯದೆಯಲ್ಲಿ ಪ್ರಾಣದಷ್ಟು ಮುಖ್ಯ. 1897ರ ಸಾಮಾನ್ಯ ಖಂಡಗಳ ಕಾಯದೆಯ 7ನೆಯ ಕಲಮನ್ನು ನೋಡಿರಿ. ಒಂದು ಕಾಯದೆಯು ಇನ್ನೊಂದನ್ನು ರದ್ದು ಮಾಡಿತು. ಆಮೇಲೆ ರದ್ದು ಮಾಡಿದ ಕಾಯದೆಯೇ ರದ್ದಾಯಿತು. ಕೊಂದವನು ಸತ್ತನೆಂದು ಮೊದಲು ಸತ್ತವನು ಎದ್ದು ಬರುವನೇ? ಬರುವದಿಲ್ಲ, ಅದನ್ನು ಬದುಕಿಸುವ ಉದ್ದೇಶವನ್ನು ಸ್ಪಷ್ಟವಾಗಿ ಹೇಳಲೇಬೇಕೆಂದು ಆ ಕಲಮು ವಿಧಿಸುತ್ತದೆ. ಸತ್ತ ಕಾಯದೆಯು ತಾನಾಗಿ ಚಿಗುರುವದಿಲ್ಲ, ಚಿಗುರಿಸಬೇಕು.

ಸಾಲದ ಸಂಗತಿಯಂತೂ ಬಡವನ ಹೊಟ್ಟೆಗೆ ತಟ್ಟುವಂಥದು. ಕೈಗಡವಾಗಿ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಮುದ್ದತ್ತು. ಅದು ಮೀರಿದರೆ ದಾವೆ ನಡೆಯುವದಿಲ್ಲ. ಆದರೆ ಸಾಲಗಾರನು ‘ಕೊಡುತ್ತೇನೆ’ ಎಂದು ಬರಹದಲ್ಲಿ ಒಪ್ಪಿ ಸಹಿ ಹಾಕಿದನೆಂದರೆ, 1872ರ ಕರಾರು ಕಾಯದೆಯ 25ನೆಯ ಕಲಮಿನ ಮೇರೆಗೆ ಆ ವಚನವು ಅವನನ್ನು ಕಟ್ಟುವದು. ಬರಿಯ ಬಾಯಿಮಾತು ಸಾಲದು. ಇಂಥ ಕಾಗದದಲ್ಲಿ ‘ಸದರಿ ಋಣವು ಪುನರುಜ್ಜೀವನಗೊಂಡಿದೆ’ ಎಂದು ಬರೆದರೆ ಖಾನಾಪುರದ ಕಾಡಂಚಿನ ರೈತನಿಗೆ ಏನು ತಿಳಿಯಬೇಕು? ಋಣವು ಮಳೆಗೆ ಹುಲ್ಲೆದ್ದಂತೆ ತಾನೇ ಎದ್ದಿತೆಂದು ಅವನು ತಿಳಿದಾನು. ಎಬ್ಬಿಸಿದ್ದು ಅವನದೇ ಸಹಿ!

‘ಈ ಸಾಲಕ್ಕೆ ಮುದ್ದತ್ತು ಮೀರಿದೆ, ಕೋರ್ಟಿನಿಂದ ವಸೂಲು ಮಾಡಲು ಬರುವದಿಲ್ಲ, ಆದರೂ ನಾನು ಕೊಡುವೆನೆಂದು ಒಪ್ಪುತ್ತೇನೆ’ ಎಂದು ಬರೆಯಲಿ, ಓದಿ ಹೇಳಲಿ, ಆಮೇಲೆ ಸಹಿಗೆ ಲೇಖಣಿ ಕೊಡಲಿ. ಸಾಲ ಕೊಟ್ಟ ಸಾಹುಕಾರರಿಗೆ ಈ ಕನ್ನಡವು ಸ್ವಲ್ಪ ಒರಟಾಗಿ ಕೇಳಿಸೀತು, ಕೇಳಿಸಲಿ.