ಸೆರಗಿನ ಹಿಂಬದಿ

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಯಾದರೆ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು. ಮೊಬೈಲಿನಲ್ಲಿ ಸೀರೆ ಆರಿಸುವವರಿಗೆ ಇದು ಹೇಗೆ ಗೊತ್ತಾಗಬೇಕು? ಮಷೀನು ಹಾಕಿದ ಗೋಪುರದ ಚಿತ್ತಾರವೂ ಫೋಟೋದಲ್ಲಿ ಚೆಂದವೇ! ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೇನೋ ಇದೆ, ಆದರೆ ಅದೊಂದರಿಂದಲೇ ಫೋಟೋದಲ್ಲಿ ಕೈಹೊಲಿಗೆಗೂ ಮಷೀನಿನ ಹೊಲಿಗೆಗೂ ಇರುವ ಫರಕು ತಿಳಿಯದು. ಧಾರವಾಡದ ಕಡೆ ಮನೆಯಲ್ಲೇ ಕೂತು ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಮಹಿಳಾ ಸಂಘ ಆಸರೆಯಾಗುವುದು ಇಲ್ಲೇ. ಒಬ್ಬಾಕೆ ಎಳೆ ಎಣಿಸಿ ತೇರು, ಆನೆ, ತುಳಸಿಕಟ್ಟೆ ಮೂಡಿಸಿದರೆ, ಇನ್ನೊಬ್ಬಾಕೆ ಸೆರಗು ತಿರುವಿ ಹಿಂಬದಿಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬಹುದು. ಕೊರಿಯರ್, ಹಣದ ಲೆಕ್ಕ ಅವರಲ್ಲೊಬ್ಬರ ಕಾಲೇಜು ಓದುವ ಮಗಳಿಗೆ. ಒಂಟಿಯಾಗಿದ್ದಾಗ ಚೌಕಾಸಿಗೆ ಮಣಿಯುವವಳು ಗುಂಪಿನಲ್ಲಿ ದರ ಬಿಟ್ಟುಕೊಡುವುದಿಲ್ಲ. ಆದರೂ ಸೀರೆಯ ಜತೆ ಸಂಘದ ಹೆಸರಷ್ಟೇ ಹೋಗಿ, ಹೊಲಿದವಳ ಹೆಸರು ಹೋಗದಿದ್ದರೆ ನನಗದು ಸರಿ ಕಾಣುವುದಿಲ್ಲ. ಇನ್ನು ಮುಂದೆ ಕಸೂತಿ ಸೀರೆ ತರಿಸುವಾಗ ಹಿಂಬದಿಯ ಫೋಟೋ ಕೇಳಿ, ಹಾಕಿದವರ ಹೆಸರನ್ನೂ ಕೇಳಿ.